ಮೂರು ಗಂಟೆ ಅಂತ ನಂಬಿ ಮುಹೂರ್ತ ಇಟ್ವಿ

ಸಂಪಾದಕರಿಗೆ ನಮಸ್ಕಾರ,

ನನ್ನ ತಮ್ಮ ಲಕ್ಷದ್ವೀಪದ ಅಗತ್ತಿಯಲ್ಲಿ ಕೆಲಸದಲ್ಲಿದಾನೆ, ಅಕ್ಕ ಭಾವ ಇರೋದು ಅಂಡಮಾನಿನ ಪೋರ್ಟ್ ಬ್ಲೇರಲ್ಲಿ. 2024ರಿಂದ ಅದು ಶ್ರೀ ವಿಜಯಪುರಂ, ಆದ್ರೆ ಮನೇಲಿ ಎಲ್ರ ಬಾಯಲ್ಲೂ ಹಳೇ ಹೆಸರೇ. ಹೋದ ಡಿಸೆಂಬರಲ್ಲಿ ಅಕ್ಕನ ಮಗೂಗೆ ಕಿವಿ ಚುಚ್ಚಿಸೋದಿತ್ತು, ಸೋದರಮಾವನ ತೊಡೆ ಮೇಲೇ ಕೂರಿಸ್ಬೇಕು ಅಂತ ಅವಳ ಆಸೆ. ಮೊಬೈಲಲ್ಲಿ ಎರಡು ಏರ್‌ಪೋರ್ಟ್ ಹೆಸರು ಹಾಕಿ ನೋಡಿದ್ವಿ, 2,243 ಕಿಲೋಮೀಟರ್, ವಿಮಾನದಲ್ಲಿ ಮೂರು ಗಂಟೆ ಒಳಗೆ ಅಂತ ಬಂತು. ಅದನ್ನೇ ನಂಬಿ ಮುಹೂರ್ತ ಇಟ್ಟು, ಹಾಲ್‌ಗೆ ಅಡ್ವಾನ್ಸೂ ಕೊಟ್ಟಾಯ್ತು. ಟಿಕೆಟ್ ಮಾಡೋಕೆ ಕೂತಾಗಲೇ ಗೊತ್ತಾಗಿದ್ದು, ಅಂಥಾ ವಿಮಾನವೇ ಇಲ್ಲ ಅಂತ.

ಆ ಲೆಕ್ಕ ಏನಪ್ಪಾ ಅಂದ್ರೆ ಮ್ಯಾಪ್ ಮೇಲೆ ಒಂದು ಊರಿಂದ ಇನ್ನೊಂದಕ್ಕೆ ನೇರ ಗೆರೆ ಎಳೆದು, ಆ ದೂರಾನ ಜೆಟ್ ವಿಮಾನದ ಗಂಟೆಗೆ 800 ಕಿಲೋಮೀಟರ್ ಸ್ಪೀಡಿಂದ ಭಾಗಿಸೋದು, ಅಷ್ಟೇ. ದೂರ ಏನೋ ಸರಿಯಾಗೇ ಇದೆ. ಆದ್ರೆ ಅಗತ್ತಿ ರನ್‌ವೇ ಇರೋದೇ ಸುಮಾರು 1,200 ಮೀಟರ್, ಆ ಕಡೆ ಈ ಕಡೆ ಸಮುದ್ರ, ಅಲ್ಲಿಗೆ ಬರೋದು ರೆಕ್ಕೆಗೆ ಫ್ಯಾನ್ ಇರೋ ಎಟಿಆರ್ ವಿಮಾನ, ಅದರ ಸ್ಪೀಡು ಗಂಟೆಗೆ 500ರ ಆಸುಪಾಸು. ಮಂಗಳೂರಲ್ಲಿ ಇಳಿಯೋ ಅಂಥ ದೊಡ್ಡ ಜೆಟ್ ಅಲ್ಲಿ ಇಳಿಯೋಕೆ ಜಾಗಾನೇ ಇಲ್ಲ. ಅಂದ್ಮೇಲೆ ಆ ಮೂರು ಗಂಟೆ ಯಾವ ವಿಮಾನದ್ದು?

ತಮ್ಮ ಅಗತ್ತಿಯಿಂದ ಬೆಂಗಳೂರಿಗೆ ಬಂದಾಗ ಆ ದಿನದ ಪೋರ್ಟ್ ಬ್ಲೇರ್ ವಿಮಾನ ಹೋಗಿಯಾಗಿತ್ತು. ರಾತ್ರಿ ದೇವನಹಳ್ಳಿ ಹತ್ರ ಒಂದು ಲಾಡ್ಜಲ್ಲಿ ಕಳೆದ, ಅಕ್ಕನಿಗೆ ಅಂತ ತಂದ ಒಣಗಿಸಿದ ಚೂರೆ (ಟ್ಯೂನಾ) ಮೀನಿನ ಡಬ್ಬಿಗೆ ವಾಸನೆ ಬರಬಾರ್ದು ಅಂತ ಮೂರು ಪ್ಲಾಸ್ಟಿಕ್ ಕವರ್ ಸುತ್ತಿದ್ನಂತೆ. ಮಾರನೇ ದಿನ ಅವನಿನ್ನೂ ಏರ್‌ಪೋರ್ಟಲ್ಲಿ ಕೂತಿದ್ದಾಗಲೇ ಅಲ್ಲಿ ಮುಹೂರ್ತ ಮುಗೀತು. ಭಾವನ ಅಣ್ಣನ ತೊಡೆ ಮೇಲೆ ಮಗು ಅಳ್ತಿರೋ ವಿಡಿಯೋನ ಇವನು ಫೋನಲ್ಲಿ ನೋಡಿದ.

ಇನ್ನೊಂದು, ಎರಡೂ ಕಡೆ ಗಡಿಯಾರದಲ್ಲಿ ಟೈಮ್ ಒಂದೇ ಆದ್ರೂ ಸೂರ್ಯನ ಲೆಕ್ಕ ಬೇರೆ. ಡಿಸೆಂಬರಲ್ಲಿ ಸಂಜೆ ಐದೂವರೆಗೆ ಅಕ್ಕ ಫೋನ್ ಮಾಡಿ ದೀಪ ಹಚ್ಚಾಯ್ತು ಅಂತಾಳೆ, ತಮ್ಮ ಇನ್ನೂ ಬಿಸಿಲಿದೆ ಅಂತಾನೆ. ಹೆಚ್ಚು ಕಡಿಮೆ 80 ನಿಮಿಷದ ವ್ಯತ್ಯಾಸ, ಅಷ್ಟು ದೂರ ಇದು.

ಹೊಟ್ಟೆ ಉರಿಯೋದು ಯಾಕಂದ್ರೆ ಬೆಂಗಳೂರು ಆ ನೇರ ಗೆರೆಯಿಂದ ತುಂಬಾ ದೂರವೇನಿಲ್ಲ. ಬೆಂಗಳೂರು ಮೇಲಿಂದ ಹೋದ್ರೆ ಹೆಚ್ಚಾಗೋದು ಬರೀ 50 ಕಿಲೋಮೀಟರ್ ಚಿಲ್ಲರೆ, ಹಾರೋ ಹೊತ್ತು ಎರಡೂ ಸೇರಿ ನಾಲ್ಕೂವರೆ ಗಂಟೆ ಆಸುಪಾಸು. ಉಳಿದಿದ್ದೆಲ್ಲ ಕಾಯೋದು. ಎರಡು ವಿಮಾನದ ಟೈಮ್ ಹೊಂದಿಸಿದ್ರೆ ಬೆಳಿಗ್ಗೆ ಹೊರಟವರು ಸಂಜೆಗೆ ತಲುಪ್ತಾರೆ, ಸಂಬಂಧಪಟ್ಟವರು ದಯವಿಟ್ಟು ಇದನ್ನ ನೋಡಿ.

ನಿಮ್ಮ ಪ್ರವಾಸ ಪುಟದಲ್ಲೂ ದ್ವೀಪಗಳ ಬಗ್ಗೆ ಬರೆಯುವಾಗ ವಿಮಾನದಲ್ಲಿ ಇಷ್ಟು ಗಂಟೆ ಅಂತ ಮಾತ್ರ ಹಾಕ್ಬೇಡಿ. ನೇರ ವಿಮಾನ ಇದೆಯಾ, ಎಲ್ಲಿ ಇಳಿದು ಹತ್ಬೇಕು, ರಾತ್ರಿ ಎಲ್ಲಾದ್ರೂ ಉಳೀಬೇಕಾ, ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು ಅನ್ನೋದು, ಇಷ್ಟನ್ನೂ ಹಾಕಿ. ನಾಲ್ಕೇ ದಿನ ರಜೆ ಇರೋರು ಅದನ್ನ ಓದಿಯೇ ಹೊರಡ್ತಾರೆ.

– ಓದುಗರು, ಮಂಗಳೂರು