ಕೌನ್ಸೆಲರ್ ಹತ್ತಿರ ಹೋದೆಯಾ ಪುಟ್ಟಿ?

ಪುಟ್ಟಿ,

ಎದುರು ಕೂತು ಹೇಳಿದರೆ "ಗೊತ್ತಮ್ಮ, ಗೊತ್ತು" ಅಂತ ಎದ್ದು ಹೋಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಬಸ್ಸಿನಲ್ಲಿ ಓದಿಕೋ.

ಕೌನ್ಸೆಲಿಂಗ್ ಆಫೀಸು ಅಂದರೆ ಫೇಲ್ ಆದವರು ಹೋಗೋ ಜಾಗ ಅಂದುಕೊಂಡಿದ್ದೀಯ. ಅಲ್ಲ ಕಣೇ. ಕ್ಯಾಲಿಫೋರ್ನಿಯಾದಲ್ಲಿ ನಿನ್ನದರ ಥರ, ಮೊದಲು ಎರಡು ವರ್ಷ ಓದಿ ಆಮೇಲೆ ಯೂನಿವರ್ಸಿಟಿಗೆ ಹೋಗಬಹುದಾದ 116 ಕಮ್ಯುನಿಟಿ ಕಾಲೇಜುಗಳಿವೆ, ಯಾವ ಕಾಲೇಜಿನ ಯಾವ ಕೋರ್ಸು ಯಾವ ಯೂನಿವರ್ಸಿಟಿಯಲ್ಲಿ ಲೆಕ್ಕಕ್ಕೆ ಬರುತ್ತದೆ ಅನ್ನೋದು ಒಂದೊಂದು ಕಡೆ ಒಂದೊಂದು ಥರ. ಭಾನುವಾರದ ಪಾಟ್‌ಲಕ್‌ನಲ್ಲಿ ಯಾರೋ ಅಂಕಲ್ "ಇಷ್ಟು ಮ್ಯಾತ್ಸ್ ಸಾಕು ಬಿಡಮ್ಮ" ಅಂದರೆ ತಲೆ ಆಡಿಸಿ ಸುಮ್ನೆ ಬಾ. ಅವರ ಮಗ ಓದಿದ ಕಾಲೇಜು ಬೇರೆ, ಮೇಜರ್ ಬೇರೆ. ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ ನಿನ್ನ ಕಾಲೇಜು, ಮುಂದೆ ಸೇರಬೇಕಾದ ಯೂನಿವರ್ಸಿಟಿ, ಮೇಜರ್ ಹಾಕಿದರೆ ಪಟ್ಟಿ ಬರುತ್ತದೆ. ಅದನ್ನು ಪ್ರಿಂಟ್ ತೆಗೆದು ಕೌನ್ಸೆಲರ್ ಮುಂದಿಟ್ಟು ಎಜುಕೇಶನ್ ಪ್ಲಾನ್ ಬರೆಸಿಕೋ.

ಟ್ಯಾಗ್, ಅಂದರೆ ಕಮ್ಯುನಿಟಿ ಕಾಲೇಜಿನಿಂದ ಹೋಗುವವರಿಗೆ ಸೀಟು ಖಾತ್ರಿ ಮಾಡುವ ಒಪ್ಪಂದ, ಅದರ ಬಗ್ಗೆಯೂ ಕೇಳು. ಹೇಳಿದ ಕೋರ್ಸು, ಜಿಪಿಎ ಇದ್ದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ ಆರರಲ್ಲಿ ಒಂದರಲ್ಲಿ ಸೀಟು ಖಾತ್ರಿ. ಬರ್ಕ್ಲಿ ಇದರಲ್ಲಿಲ್ಲ. ಸೆಪ್ಟೆಂಬರ್‌ನಲ್ಲಷ್ಟೇ ಅರ್ಜಿ ತೆಗೆದುಕೊಳ್ಳುತ್ತಾರೆ. ನವೆಂಬರ್‌ನಲ್ಲಿ ಓಡಿ ಹೋದರೆ ಕೌನ್ಸೆಲರ್ ಪಾಪ ಏನು ಮಾಡಬೇಕು?

ಈಗ ನಿನಗೆ ಇಷ್ಟವಿಲ್ಲದ ವಿಷಯ. ಹೈಸ್ಕೂಲಿನಲ್ಲಿ ನಿನ್ನ ಡಿಸ್ಲೆಕ್ಸಿಯಾಗೆ (ಓದೋದು ಬರೆಯೋದು ಕಷ್ಟವಾಗೋ ತೊಂದರೆಗೆ) ಐಇಪಿ, ಅಂದರೆ ನಿನಗೆ ಅಂತಲೇ ಮಾಡಿದ ಕಲಿಕೆಯ ಪ್ಲಾನ್ ಇತ್ತು, ಪರೀಕ್ಷೆಗೆ ಹೆಚ್ಚು ಟೈಮ್ ಸಿಗುತ್ತಿತ್ತು, ಮೀಟಿಂಗಿಗೆ ನಾನೂ ಅಪ್ಪನೂ ಹೋಗುತ್ತಿದ್ದೆವು. ಅದು ಕಾಲೇಜಿಗೆ ತಾನಾಗಿ ಬರುವುದಿಲ್ಲ. ಇಂಥ ತೊಂದರೆ ಇರುವ ವಿದ್ಯಾರ್ಥಿಗಳಿಗೆ ನೆರವಾಗುವ ಕಾಲೇಜಿನ ಡಿಎಸ್‌ಪಿಎಸ್ ಆಫೀಸಿಗೆ ನೀನೇ ಹೋಗಿ ಕೇಳಬೇಕು. ನಾನು ಫೋನ್ ಮಾಡಿದರೂ ನಿನ್ನ ಒಪ್ಪಿಗೆ ಇಲ್ಲದೆ ಏನೂ ಹೇಳುವುದಿಲ್ಲ, ವಿದ್ಯಾರ್ಥಿಯ ದಾಖಲೆಗಳನ್ನು ಗುಟ್ಟಾಗಿಡೋಕೆ ಫೆರ್ಪಾ ಅಂತ 1974ರ ಕಾನೂನಿದೆಯಲ್ಲ. (ಮೊದಲು ನನಗೆ ಸಿಟ್ಟು ಬಂದಿತ್ತು, ಈಗ ಒಳ್ಳೆಯದೇ ಅನ್ನಿಸುತ್ತದೆ.) ನಿನಗಿರೋದು ಏನು ಅಂತ ಪ್ರೊಫೆಸರ್‌ಗೆ ತಿಳಿಸುವುದಿಲ್ಲ, ಇಷ್ಟು ಹೆಚ್ಚು ಟೈಮ್ ಕೊಡಿ ಅಂತ ಮಾತ್ರ ಹೇಳುತ್ತಾರೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲೂ (ಅಂಕಪಟ್ಟಿಯಲ್ಲೂ) ಬರುವುದಿಲ್ಲ. ಇನ್ನು ನಾಚಿಕೆ ಯಾರಿಂದ ಹೇಳು?

ರಾತ್ರಿ ಪಾಳಿ ಮಾಡಿ ಬೆಳಿಗ್ಗೆ ಕ್ಲಾಸಿಗೆ ಬರುತ್ತಾಳಲ್ಲ ನಿನ್ನ ಗೆಳತಿ, ಅವಳನ್ನು ಕಾಲೇಜಿನ ಇಒಪಿಎಸ್ ಅನ್ನೋ ನೆರವಿನ ಕಾರ್ಯಕ್ರಮದ ಆಫೀಸಿಗೆ ಕರೆದುಕೊಂಡು ಹೋಗು. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಅಂತಲೇ 1969ರಲ್ಲಿ ಶುರುವಾದದ್ದು, ಪುಸ್ತಕಕ್ಕೂ ನೆರವು ಸಿಗಬಹುದು, ಅವರದ್ದೇ ಕೌನ್ಸೆಲರ್ ಇರುತ್ತಾರೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು ಅವಳು, ಇದನ್ನೆಲ್ಲ ಹೇಳೋಕೆ ಅವಳಿಗೆ ಯಾರಿದ್ದಾರೆ? ನಮ್ಮ ಪಕ್ಕದ ಹೇವರ್ಡ್‌ನ ಶಬೊ ಕಾಲೇಜಿನಲ್ಲಿ 1981ರಲ್ಲಿ ಇದನ್ನೇ ಗಮನಿಸಿದರು. ಲ್ಯಾಟಿನೋ ಮಕ್ಕಳು ಕೌನ್ಸೆಲರ್ ಹತ್ತಿರ ಬರುತ್ತಲೇ ಇರಲಿಲ್ಲ, ಅದಕ್ಕೆ ಕೌನ್ಸೆಲರನ್ನೇ ಇಂಗ್ಲಿಷ್ ಕ್ಲಾಸಿನ ಜೊತೆ ಸೇರಿಸಿ ಪುವೆಂಟೆ ಅನ್ನೋ ಕಾರ್ಯಕ್ರಮ ಶುರು ಮಾಡಿದರು. ಎಷ್ಟು ಸರಳ ಉಪಾಯ, ಅಲ್ವಾ?

ಸೆಮಿಸ್ಟರಿನ ಮೊದಲ ವಾರ ಮಾತ್ರ ಹೋಗಬೇಡ, ಕ್ಯೂ ಹನುಮಂತನ ಬಾಲದಷ್ಟು ಉದ್ದ ಇರುತ್ತದೆ. ಈ ವಾರವೇ ಅಪಾಯಿಂಟ್‌ಮೆಂಟ್ ತೆಗೆದುಕೋ, ಸಿಗದಿದ್ದರೆ ಡ್ರಾಪ್-ಇನ್ ಇದೆಯಾ ಕೇಳು. ನಿನ್ನ ಹಳೆಯ ಐಇಪಿ ಪೇಪರ್, ಟೆಸ್ಟ್ ರಿಪೋರ್ಟ್ ಎಲ್ಲ ಅಪ್ಪನ ಮೇಜಿನ ಕೆಳಗಿನ ಡ್ರಾಯರಿನಲ್ಲಿವೆ, ನೀಲಿ ಫೈಲು. ಒರಿಜಿನಲ್ ಕೊಟ್ಟು ಬರಬೇಡ, ಜೆರಾಕ್ಸ್ ಕೊಡು.

ಅಮ್ಮ