ನಲ್ಲಿಯ ಕಾರ್ಡಿನಲ್ಲಿ ಹಣ ಮುಗಿದಾಗ

ಅಭಿವೃದ್ಧಿಶೀಲ ದೇಶಗಳಲ್ಲಿ ಶುದ್ಧ ನೀರು ಪೂರೈಸಲು, ಮುಂಗಡ ಹಣ ತುಂಬಿದಷ್ಟೇ ನೀರು ಬಿಡುವ ಪ್ರಿಪೇಯ್ಡ್ ಮೀಟರ್‌ಗಳು ನೆರವಾಗುತ್ತಿವೆ ಎಂಬ ವರದಿ ಓದಿದೆ. ಇಂಥ ಮೀಟರ್‌ಗಳು ಬಡವರ ಮನೆಗಳಿಗಿಂತ ಬೀದಿ ನಲ್ಲಿಗಳಿಗೆ ಹೆಚ್ಚು ಸೂಕ್ತ ಎಂಬುದು ನನ್ನ ಅಭಿಪ್ರಾಯ. ಉಗಾಂಡದ ಕಂಪಾಲಾದ ಕೊಳೆಗೇರಿಗಳಲ್ಲಿ ಟೋಕನ್ ಹಿಡಿದು ಬೀದಿ ನಲ್ಲಿಯಿಂದ ಇಪ್ಪತ್ತು ಲೀಟರಿನ ಕ್ಯಾನ್ ತುಂಬಿಸಿಕೊಳ್ಳುವವರು, ಮಧ್ಯವರ್ತಿಗಳು ಕೇಳುವ ದುಬಾರಿ ಬೆಲೆಯ ಬದಲು ನೀರು ಸರಬರಾಜು ಮಂಡಳಿಯ ದರವನ್ನಷ್ಟೇ ತೆರುತ್ತಾರೆ; ಮಂಡಳಿಗೂ ಬಾಕಿ ವಸೂಲಿಯ ತಲೆನೋವಿಲ್ಲ.

ಆದರೆ ದಕ್ಷಿಣ ಆಫ್ರಿಕಾದ ಸೊವೆಟೊದ ಫಿರಿ ಬಡಾವಣೆಯಲ್ಲಿ ಮನೆಗಳಿಗೇ ಈ ಮೀಟರ್ ಅಳವಡಿಸಿದಾಗ ಆದದ್ದೇ ಬೇರೆ. ತಿಂಗಳಿಗೆ 6,000 ಲೀಟರ್ ಉಚಿತ ನೀರು ಮುಗಿದ ಮೇಲೆ ಹಣ ತುಂಬದಿದ್ದರೆ ನಲ್ಲಿ ತಾನಾಗಿಯೇ ನಿಲ್ಲುತ್ತಿತ್ತು. ಹಿತ್ತಲ ಗುಡಿಸಲುಗಳ ಬಾಡಿಗೆದಾರರೂ ಸೇರಿ ಒಂದೇ ನಿವೇಶನದಲ್ಲಿ ಹತ್ತಾರು ಮಂದಿ ಇದ್ದಲ್ಲಿ ಆ ನೀರು ತಿಂಗಳ ನಡುವೆಯೇ ತೀರುತ್ತಿತ್ತು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರಾದರೂ 2009ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಮೀಟರ್‌ಗಳನ್ನು ಕಾನೂನುಬದ್ಧವೆಂದು ಎತ್ತಿಹಿಡಿಯಿತು. ಕಾನೂನು ಒಪ್ಪಿದ ಮಾತ್ರಕ್ಕೆ ಕೂಸಿಗೆ ಕುಡಿಸಲು ನೀರಿಲ್ಲದ ತಾಯಿಯ ಸಂಕಟ ತೀರುವುದಿಲ್ಲ. ಆಕೆ ಸಿಕ್ಕ ನೀರನ್ನೇ ತರುತ್ತಾಳೆ, ಅದು ಶುದ್ಧವೋ ಅಲ್ಲವೋ ನೋಡುವ ಸ್ಥಿತಿ ಆಕೆಯದಲ್ಲ.

ನಮ್ಮ ಹಳ್ಳಿಗಳಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕಗಳೂ ಮುಂಗಡ ಪಾವತಿಯವೇ. ಅವು ಕೆಟ್ಟು ನಿಂತರೆ ಜನರು ಮತ್ತೆ ಫ್ಲೋರೈಡ್ ಬೆರೆತ ಕೊಳವೆಬಾವಿ ನೀರಿಗೇ ಮರಳಬೇಕಾಗುತ್ತದೆ.

ಆದ್ದರಿಂದ ಪ್ರಿಪೇಯ್ಡ್ ವ್ಯವಸ್ಥೆ ಎಲ್ಲೇ ಬರಲಿ, ಹಣ ಮುಗಿದರೂ ಕುಡಿಯಲು ಮತ್ತು ಅಡುಗೆಗೆ ಬೇಕಾದಷ್ಟು ನೀರು ತಲೆ ಎಣಿಕೆಯ ಲೆಕ್ಕದಲ್ಲಿ ಹರಿಯುವಂತೆ ಮೀಟರನ್ನು ಹೊಂದಿಸಬೇಕು. ಯಂತ್ರ ಕೆಟ್ಟರೆ ಇಂತಿಷ್ಟು ದಿನಗಳೊಳಗೆ ದುರಸ್ತಿ ಮಾಡುವ ಹೊಣೆಯನ್ನು ಗುತ್ತಿಗೆಯ ಕರಾರಿನಲ್ಲೇ ಬರೆಯಬೇಕು.