ಮೈಗ್ರೇನ್ ‘ಸುಮ್ನೆ ಟೆನ್ಷನ್’ ಅಲ್ಲ: ಗುಂಪಿನವರಿಗೆ ಒಂದು ಸೂಚನೆ

ಎಲ್ಲರಿಗೂ ನಮಸ್ಕಾರ. ‘ಮೈಗ್ರೇನ್ ಅಂದ್ರೆ ಸುಮ್ನೆ ಟೆನ್ಷನ್’ ಅನ್ನುವ ಫಾರ್ವರ್ಡ್ ಈ ವಾರ ಎರಡು ಸಲ ಬಂದಿದೆ. ದಯವಿಟ್ಟು ಅದನ್ನು ಮುಂದೆ ಕಳಿಸಬೇಡಿ. ಬೆಳಕು ಸಹಿಸಲಾಗದೆ ಕತ್ತಲೆ ಕೋಣೆಯಲ್ಲಿ ಮಲಗಿರುವವರಿಗೆ ಆ ಮಾತು ಇನ್ನಷ್ಟು ನೋವು ಕೊಡುತ್ತದೆ.

ಮುಖ, ತಲೆಯ ನೋವನ್ನು ಮಿದುಳಿಗೆ ಮುಟ್ಟಿಸುವುದು ಟ್ರೈಜೆಮಿನಲ್ ನರ. ಮೈಗ್ರೇನ್ ಬಂದಾಗ ಇದರ ತುದಿಗಳು ಸಿಜಿಆರ್‌ಪಿ ಎಂಬ ಪುಟ್ಟ ಪ್ರೋಟೀನ್ ತುಣುಕನ್ನು ಹೊರಬಿಡುತ್ತವೆ. ಮಿದುಳಿನ ಹೊದಿಕೆಯ ರಕ್ತನಾಳಗಳು ಹಿಗ್ಗುತ್ತವೆ, ನೋವಿನ ಸುದ್ದಿ ಜೋರಾಗುತ್ತದೆ. 1990ರಲ್ಲಿ ಸಂಶೋಧಕರಾದ ಪೀಟರ್ ಗೋಡ್ಸ್‌ಬಿ, ಲಾರ್ಸ್ ಎಡ್ವಿನ್ಸನ್ ಮತ್ತು ಜೊತೆಗಾರರು ನೋವು ಇರುವಾಗಲೇ ರೋಗಿಗಳ ಕತ್ತಿನ ರಕ್ತನಾಳದಿಂದ ರಕ್ತ ತೆಗೆದು ನೋಡಿದರು. ಸಿಜಿಆರ್‌ಪಿ ಜಾಸ್ತಿ ಇತ್ತು. ಮುಂದೆ ಮೈಗ್ರೇನ್ ಇರುವವರ ರಕ್ತಕ್ಕೆ ಅದನ್ನೇ ಡ್ರಿಪ್ಪಿನಲ್ಲಿ ಕೊಟ್ಟಾಗ ತಲೆನೋವು ಬಂತು. ಇದು ಮನಸ್ಸಿನ ಕಲ್ಪನೆ ಅಲ್ಲ, ಅಲ್ವಾ?

ಮೈಗ್ರೇನ್ ಬಂದಾಗ ತೆಗೆದುಕೊಳ್ಳುವ ಟ್ರಿಪ್ಟಾನ್ ಎಂಬ ಮಾತ್ರೆಗಳು ಸಿಜಿಆರ್‌ಪಿ ಹೊರಬರುವುದನ್ನು ತಗ್ಗಿಸುತ್ತವೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಮೈಗ್ರೇನ್ ಬರದಂತೆ ತಡೆಯಲು ಕೊಡುವ ಎರೆನುಮ್ಯಾಬ್ ಇಂಜೆಕ್ಷನ್, ಸಿಜಿಆರ್‌ಪಿ ಹೋಗಿ ಕೂರುವ ಜಾಗವನ್ನೇ ಮುಚ್ಚಿಬಿಡುತ್ತದೆ. ಆದರೆ ಎಲ್ಲರಿಗೂ ಇದು ಹಿಡಿಸುವುದಿಲ್ಲ. ಸಿಜಿಆರ್‌ಪಿ ಒಂದೇ ಕಾರಣವೂ ಅಲ್ಲ.

ಹಾಗಾಗಿ ಗುಂಪಿನಲ್ಲಿ ಮಾತ್ರೆಯ ಹೆಸರು ಓದಿ ನೀವೇ ಕೊಂಡು ನುಂಗಬೇಡಿ. ಹೃದಯದ ತೊಂದರೆ ಇರುವವರಿಗೆ ಟ್ರಿಪ್ಟಾನ್ ಅಪಾಯ. ತಿಂಗಳಿಗೆ 10 ದಿನ ಅಥವಾ ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ಆ ಮಾತ್ರೆಯೇ ತಲೆನೋವು ತರಬಹುದು. ನೋವು ಬಂದ ದಿನಗಳನ್ನು ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಎಂದೂ ಇಲ್ಲದಷ್ಟು ಜೋರಾದ ನೋವು ಒಮ್ಮೆಲೇ ಬಂದರೆ ಇಲ್ಲಿ ಮೆಸೇಜ್ ಹಾಕುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.